ಮೂವತ್ತನೇ ದಿನದ ಸಿಟಿ ಸ್ಕ್ಯಾನ್ ಮತ್ತು ನಾನೂರು ಕಿಲೋಮೀಟರ್ ದಾರಿ

ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಂತೆ, ರೋಗಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಔಷಧ, ತಪಾಸಣೆಯ ಖರ್ಚು ಪ್ಯಾಕೇಜಿನಲ್ಲೇ ಸೇರಿರುತ್ತದೆ. ಹೊಟ್ಟೆಯ ಮಹಾಪಧಮನಿಯ ಉಬ್ಬಿಗೆ ಸ್ಟೆಂಟ್ ಗ್ರಾಫ್ಟ್ (ಲೋಹದ ಚೌಕಟ್ಟಿನ ಬಟ್ಟೆಯ ಕೊಳವೆ) ಹಾಕಿಸಿಕೊಂಡವರಿಗೆ ಮೊದಲ ಸಿಟಿ ಸ್ಕ್ಯಾನ್ ಆಗಬೇಕಾದದ್ದು 30ನೇ ದಿನದ ಆಸುಪಾಸಿನಲ್ಲಿ. ಆಮೇಲೂ ತಪಾಸಣೆ ನಿಲ್ಲುವಂತಿಲ್ಲ, ಬದುಕಿರುವವರೆಗೂ ನಡೆಯಬೇಕು. ಹಲವು ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಸರ್ಕಾರ ಕೊಟ್ಟು, ಅದು ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲ ಸಾವಿರ ರೂಪಾಯಿಯ ಪರೀಕ್ಷೆಯನ್ನು ರೋಗಿಯ ಜೇಬಿಗೆ ಬಿಟ್ಟರೆ ಏನಾಗುತ್ತದೆ? ರೋಗಿ ಬೆಂಗಳೂರಿನ ಜಯನಗರದವನಾದರೆ ಬಹುಶಃ ಏನೂ ಆಗದು. ಅವನು ದೇವದುರ್ಗ, ಸಿರುಗುಪ್ಪ ಅಥವಾ ಯಲಬುರ್ಗಾದವನಾದರೆ ಅದೇ ಪ್ರಶ್ನೆಯ ತೂಕ ಬೇರೆ.

ಈ ಕಾಯಿಲೆ ನಮ್ಮ ಕಡೆ ಬಿಪಿ, ಶುಗರ್‌ನಷ್ಟು ಸಾಮಾನ್ಯವಲ್ಲ. ಅದಕ್ಕೇ ಇದರ ಬಗ್ಗೆ ಯಾರೂ ವ್ಯವಸ್ಥೆ ಎಂದು ಯೋಚಿಸಿಲ್ಲ. ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಗೆ ಅಂಟಿಕೊಂಡು ಕೆಳಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲುಗಳಿಗೆ ಕವಲೊಡೆಯುತ್ತದೆ. ಅಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಗೋಡೆ ಸೋತು ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ ಎನ್ನುತ್ತಾರೆ. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ದಾಟಿದರೆ ಒಡೆಯುವ ಅಪಾಯ ಶಸ್ತ್ರಚಿಕಿತ್ಸೆಯ ಅಪಾಯಕ್ಕಿಂತ ಹೆಚ್ಚಾಗುತ್ತದೆ. ಒಡೆದರೆ ಬಹಳಷ್ಟು ಮಂದಿ ಆಸ್ಪತ್ರೆಯ ಬಾಗಿಲು ಮುಟ್ಟುವುದೇ ಇಲ್ಲ. ಬೀಡಿ-ಸಿಗರೇಟು ಇದರ ಅತಿ ದೊಡ್ಡ ಕಾರಣ. ವಯಸ್ಸು, ಗಂಡಸಾಗಿರುವುದು, ಬಿಪಿ, ಮನೆತನ ಆಮೇಲಿನವು. ಬ್ರಿಟನ್ನಿನಲ್ಲಿ ಗಂಡಸರಿಗೆ 65 ತುಂಬುವಾಗ ಕರೆದು ಒಂದು ಸಲ ಹೊಟ್ಟೆಯ ಸ್ಕ್ಯಾನ್ ಮಾಡುತ್ತಾರೆ. ನಮ್ಮಲ್ಲಿ ಅಂಥ ಕಾರ್ಯಕ್ರಮ ಇಲ್ಲ. ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಮೂತ್ರದ ಕಲ್ಲಿಗೆಂದು, ಪ್ರಾಸ್ಟೇಟಿಗೆಂದು ಸ್ಕ್ಯಾನ್ ಮಾಡಿಸಲು ಹೋದವನಿಗೆ ರೇಡಿಯಾಲಜಿಸ್ಟ್ "ಇನ್ನೊಂದು ವಿಷಯ ಇದೆ" ಎಂದು ಹೇಳಿದಾಗಲೇ ಇದು ಬೆಳಕಿಗೆ ಬರುವುದು.

ಅಲ್ಲಿಂದ ದಾರಿ ಬೆಂಗಳೂರಿಗೆ ಅಥವಾ ಹೈದರಾಬಾದಿಗೆ. ಹಿಂದೆ ಇದ್ದದ್ದು ಒಂದೇ ಚಿಕಿತ್ಸೆ. ಹೊಟ್ಟೆ ಕೊಯ್ದು, ಮಹಾಪಧಮನಿಗೆ ಕ್ಲಾಂಪ್ ಹಾಕಿ, ಉಬ್ಬಿದ ಭಾಗದ ಜಾಗದಲ್ಲಿ ಪಾಲಿಯೆಸ್ಟರ್ ಕೊಳವೆಯನ್ನು ಹೊಲಿಯುವುದು. 1951ರಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ಡ್ಯೂಬೋಸ್ಟ್ ಉಬ್ಬಿದ ಭಾಗವನ್ನು ತೆಗೆದು ಬೇರೆ ರಕ್ತನಾಳ ಕೂರಿಸಿ ತೋರಿಸಿದ ಮೇಲೆ ದಶಕಗಳ ಕಾಲ ಅದೇ ನಡೆಯಿತು. 1948ರಲ್ಲಿ ಐನ್‌ಸ್ಟೈನ್‌ಗೆ ಮಾಡಿದ್ದು ಅದಕ್ಕೂ ಹಳೆಯ ಉಪಾಯ. ಉಬ್ಬಿಗೆ ಸೆಲೋಫೇನ್ ಹಾಳೆ ಸುತ್ತಿದ್ದರು. ಅದು ಆರು ವರ್ಷಕ್ಕೂ ಹೆಚ್ಚು ಕಾಲ ತಡೆದು 1955ರ ಏಪ್ರಿಲ್‌ನಲ್ಲಿ ಒಡೆಯಿತು. ಎರಡನೇ ಸಲ ಶಸ್ತ್ರಚಿಕಿತ್ಸೆ ಬೇಡ ಎಂದವರು ಅವರೇ. 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊದೊಸ್ ಎದೆಯ ಭಾಗದ ಮಹಾಪಧಮನಿಗೆ, 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋದಿ ಹೊಟ್ಟೆಯ ಭಾಗಕ್ಕೆ ಒಳಗಿನಿಂದಲೇ ಕೊಳವೆ ಕೂರಿಸಿದರು. ತೊಡೆಸಂದಿನ ರಕ್ತನಾಳದ ಮೂಲಕ ಮಡಚಿದ ಸ್ಟೆಂಟ್ ಗ್ರಾಫ್ಟನ್ನು ಒಳಸೇರಿಸಿ, ಉಬ್ಬಿನ ಮೇಲೂ ಕೆಳಗೂ ಆರೋಗ್ಯವಾಗಿರುವ ಗೋಡೆಗೆ ಅದನ್ನು ಬಿಗಿಯಾಗಿ ಬಿಚ್ಚಿಕೊಳ್ಳುವಂತೆ ಮಾಡುವುದು. ವೈದ್ಯರು ಇದನ್ನು ಇವಾರ್ ಎಂದು ಕರೆಯುತ್ತಾರೆ. ಬಹಳಷ್ಟು ರೋಗಿಗಳು ಕೆಲವೇ ದಿನಗಳಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಾರೆ.

ತೊಂದರೆಯ ಬೀಜ ಆ ನಡೆದು ಹೋಗುವುದರಲ್ಲೇ ಇದೆ. ಹೊಟ್ಟೆ ಕೊಯ್ದವನಿಗೆ ದೊಡ್ಡ ಗಾಯವಿರುತ್ತದೆ, ತಿಂಗಳುಗಟ್ಟಲೆ ನೋವು ನೆನಪಿಸುತ್ತದೆ. ಇವಾರ್ ಆದವನಿಗೆ ತೊಡೆಸಂದಿನಲ್ಲಿ ಸಣ್ಣದೊಂದು ಕಲೆ ಬಿಟ್ಟರೆ ಏನೂ ಉಳಿಯುವುದಿಲ್ಲ. "ಆಪರೇಷನ್ ಆಗೈತಿ, ಆರಾಮ್ ಅದೀನಿ" ಎನ್ನುವವನನ್ನು ಮತ್ತೆ ಬಸ್ಸು ಹತ್ತಿಸುವುದು ಸುಲಭವಲ್ಲ.

ಎಂಟು ವರ್ಷದ ಆಚೆ

ಇವಾರ್ ಒಳ್ಳೆಯದೋ ತೆರೆದ ಶಸ್ತ್ರಚಿಕಿತ್ಸೆ ಒಳ್ಳೆಯದೋ ಎಂಬ ವಾದಕ್ಕೆ ಬ್ರಿಟನ್ನಿನ ಇವಾರ್-1 ಪ್ರಯೋಗ ಕೊಟ್ಟ ಉತ್ತರವನ್ನು ಪೂರ್ತಿ ಓದಬೇಕು. ಅರ್ಧ ಓದಿದರೆ ದಾರಿ ತಪ್ಪುತ್ತೇವೆ. 1999ರಿಂದ 2004ರವರೆಗೆ 37 ಆಸ್ಪತ್ರೆಗಳಲ್ಲಿ 1252 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಮೊದಲ 30 ದಿನಗಳಲ್ಲಿ ತೆರೆದ ಶಸ್ತ್ರಚಿಕಿತ್ಸೆಯವರಲ್ಲಿ ಶೇ 4.3 ಮಂದಿ ಸತ್ತರೆ ಇವಾರ್‌ನಲ್ಲಿ ಸತ್ತವರು ಶೇ 1.8. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ಅದೇ ರೋಗಿಗಳನ್ನು 15 ವರ್ಷದವರೆಗೆ ಹಿಂಬಾಲಿಸಿದ ಫಲಿತಾಂಶ 2016ರಲ್ಲಿ ಬಂತು. ಆರಂಭದಲ್ಲಿ ಸಿಕ್ಕ ಲಾಭ ಕೆಲವು ವರ್ಷಗಳಲ್ಲಿ ಕರಗಿತ್ತು. ಎಂಟು ವರ್ಷ ದಾಟಿದ ಮೇಲೆ ತೆರೆದ ಶಸ್ತ್ರಚಿಕಿತ್ಸೆಯವರೇ ಹೆಚ್ಚು ಬದುಕಿದ್ದರು. ಆ ಹಂತದಲ್ಲಿ ಇವಾರ್ ಗುಂಪಿನಲ್ಲಿ 13 ಮಂದಿ ಹಳೆಯ ಉಬ್ಬು ಮತ್ತೆ ಒಡೆದು ಸತ್ತಿದ್ದರು. ಇನ್ನೊಂದು ಗುಂಪಿನಲ್ಲಿ ಇಬ್ಬರು.

ಒಳಗೆ ಹೊಸ ಕೊಳವೆ ಇದ್ದೂ ಹಳೆಯ ಚೀಲ, ಅಂದರೆ ಉಬ್ಬಿದ ರಕ್ತನಾಳ, ಒಡೆಯುವುದು ಹೇಗೆ? ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ಕಾಂಕ್ರೀಟ್ ಲೈನಿಂಗ್ ಮಾಡಿದ ಮೇಲೂ ಅದರ ಹಿಂಬದಿಗೆ ನೀರು ನುಗ್ಗಿದರೆ ಏರಿ ಕುಸಿಯುತ್ತದೆ. ಗ್ರಾಫ್ಟಿನ ಹೊರಗೆ, ಹಳೆಯ ಚೀಲದೊಳಗೆ ರಕ್ತ ಹರಿಯುವುದನ್ನು ಎಂಡೋಲೀಕ್ ಎನ್ನುತ್ತಾರೆ. ಎಲ್ಲಿಂದ ಸೋರುತ್ತಿದೆ ಎಂಬುದರ ಮೇಲೆ ಅದರ ಅಪಾಯ ನಿಂತಿದೆ. ಗ್ರಾಫ್ಟಿನ ಮೇಲ್ತುದಿ ಅಥವಾ ಕೆಳತುದಿ ಗೋಡೆಗೆ ಸರಿಯಾಗಿ ಅಂಟದಿದ್ದರೆ ಅದು ಒಂದನೇ ಬಗೆ. ಗ್ರಾಫ್ಟಿನ ತುಂಡುಗಳು ಒಂದಕ್ಕೊಂದು ಸೇರುವ ಕಡೆ ಬಿಟ್ಟುಕೊಂಡರೆ ಅಥವಾ ಬಟ್ಟೆ ಹರಿದರೆ ಅದು ಮೂರನೇ ಬಗೆ. ಇವೆರಡರಲ್ಲೂ ಹೃದಯದ ಪೂರ್ತಿ ಒತ್ತಡ ಚೀಲದ ಮೇಲೆ ಬೀಳುತ್ತದೆ, ಕಂಡ ಕೂಡಲೇ ಸರಿಪಡಿಸಬೇಕು. ಎರಡನೇ ಬಗೆಯದು ಬೇರೆ ಸ್ವಭಾವದ್ದು. ಸೊಂಟದ ಭಾಗದ ಸಣ್ಣ ರಕ್ತನಾಳಗಳಿಂದ, ಕರುಳಿಗೆ ಹೋಗುವ ಕೆಳಗಿನ ನಾಳದಿಂದ ರಕ್ತ ಹಿಮ್ಮುಖವಾಗಿ ಚೀಲಕ್ಕೆ ಬರುತ್ತದೆ. ಅತಿ ಹೆಚ್ಚು ಕಾಣುವುದು ಇದೇ. ಇವುಗಳಲ್ಲಿ ಎಷ್ಟೋ ಮೊದಲ ಆರು ತಿಂಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಚೀಲ ದೊಡ್ಡದಾಗದಿದ್ದರೆ ಮುಟ್ಟುವ ಅಗತ್ಯವಿಲ್ಲ. ನಾಲ್ಕನೆಯದು ಹಳೆಯ ತೆಳು ಬಟ್ಟೆಯ ಗ್ರಾಫ್ಟುಗಳ ಕಾಲದ್ದು, ಈಗ ಅಪರೂಪ. ಐದನೆಯದು ಯಾವ ಸೋರಿಕೆಯೂ ಕಾಣದೆ ಚೀಲ ಮಾತ್ರ ಬೆಳೆಯುತ್ತಾ ಹೋಗುವುದು. "ಸೋರಿಕೆ ಇಲ್ಲ" ಎಂಬ ವರದಿ ಬಂದೂ ಅಳತೆ ಏರುತ್ತಿದ್ದರೆ ನಂಬಬೇಕಾದದ್ದು ಅಳತೆಯನ್ನು.

ಇಷ್ಟನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸೋರಿಕೆ ಯಾವ ಬಗೆಯದು ಎಂದು ಕಂಡುಹಿಡಿಯಲು ದುಬಾರಿ ಯಂತ್ರ, ಅನುಭವಿ ಕಣ್ಣು ಬೇಕು. ಚೀಲ ಬೆಳೆಯುತ್ತಿದೆಯೇ, ಕುಗ್ಗುತ್ತಿದೆಯೇ ಎಂದು ಹೇಳಲು ಬೇಕಾದದ್ದು ಒಂದು ಅಲ್ಟ್ರಾಸೌಂಡ್, ಒಂದು ಹಳೆಯ ಸಂಖ್ಯೆ, ಒಂದು ಹೊಸ ಸಂಖ್ಯೆ. ಮೊದಲನೆಯದು ಬೆಂಗಳೂರಿನ ಕೆಲಸ. ಎರಡನೆಯದು ಕೊಪ್ಪಳದಲ್ಲಿ ಆಗಬಹುದಾದ ಕೆಲಸ. ಈಗ ನಾವು ಎರಡನ್ನೂ ಬೆಂಗಳೂರಿಗೆ ಕಳಿಸುತ್ತಿದ್ದೇವೆ, ಎರಡೂ ಆಗುತ್ತಿಲ್ಲ.

ವರ್ಷ ವರ್ಷ ಎಲ್ಲರಿಗೂ ಬೇಕೇ?

ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘದ 2018ರ ಮಾರ್ಗಸೂಚಿ ಹೇಳುವುದಿಷ್ಟು. ಒಂದು ತಿಂಗಳಿಗೆ ಸಿಟಿ ಮತ್ತು ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್). ಅಲ್ಲಿ ಸೋರಿಕೆಯಿಲ್ಲ, ಚೀಲ ಬೆಳೆದಿಲ್ಲ ಎಂದಾದರೆ ಮುಂದಿನದು 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಂದು ಡಾಪ್ಲರ್. ಎರಡನೇ ಬಗೆಯ ಸೋರಿಕೆ ಕಂಡಿದ್ದರೆ ಆರನೇ ತಿಂಗಳಿಗೂ ನೋಡಬೇಕು. ಐದು ವರ್ಷಕ್ಕೊಮ್ಮೆ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲು ಕೊಡುವ ಔಷಧ) ಇಲ್ಲದ ಸಾದಾ ಸಿಟಿ. ವರ್ಷಕ್ಕೊಂದು ಕಾಂಟ್ರಾಸ್ಟ್ ಸಿಟಿ ಎಂದು ಹಳೆಯ ಕಾಲದಲ್ಲಿ ಹೇಳುತ್ತಿದ್ದರು. ಅದನ್ನೇ ಇಂದೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದು ಕಳಿಸಿದರೆ ಅದು ವೈದ್ಯಕೀಯವೂ ಅಲ್ಲ, ವ್ಯವಹಾರವೂ ಅಲ್ಲ, ಬರೀ ರೂಢಿ.

ಈ ನಿಯಮವನ್ನು ಪಾಲಿಸುವವರೆಷ್ಟು? ಸಿರಿವಂತ ದೇಶಗಳಲ್ಲೂ ಚಿತ್ರ ಚೆನ್ನಾಗಿಲ್ಲ. ಅಮೆರಿಕದಲ್ಲಿ ವಯಸ್ಸಾದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ದಾಖಲೆಗಳನ್ನು ನೋಡಿದ 2015ರ ಅಧ್ಯಯನವೊಂದರಲ್ಲಿ ಶೇ 57 ಮಂದಿಯ ತಪಾಸಣೆ ಅಪೂರ್ಣವಾಗಿತ್ತು. ಕುತೂಹಲದ ಸಂಗತಿ ಆಮೇಲಿನದು. ತಪಾಸಣೆ ತಪ್ಪಿಸಿಕೊಂಡವರು ಹೆಚ್ಚು ಸತ್ತಿದ್ದಾರೆ ಎಂದು ಅಲ್ಲಿ ಕಂಡುಬರಲಿಲ್ಲ. ನೆದರ್‌ಲೆಂಡ್ಸ್‌ನ ದೊಡ್ಡ ಅಧ್ಯಯನವೊಂದರಲ್ಲೂ, ಮೊದಲ ಸ್ಕ್ಯಾನ್ ಚೆನ್ನಾಗಿದ್ದು ವಾರ್ಷಿಕ ತಪಾಸಣೆ ಬಿಟ್ಟವರಿಗೆ ಕೆಟ್ಟದ್ದೇನೂ ಆಗಿರಲಿಲ್ಲ. ಇದನ್ನು ಓದಿ "ನೋಡಿ, ತಪಾಸಣೆಯೇ ಬೇಡ" ಎನ್ನುವ ಆಸೆ ಹುಟ್ಟಬಹುದು. ಆ ತೀರ್ಮಾನ ತಪ್ಪು. ಈ ಅಧ್ಯಯನಗಳಿಂದ ಹೊರಡುವ ಅರ್ಥ, ಎಲ್ಲರಿಗೂ ಒಂದೇ ವೇಳಾಪಟ್ಟಿ ಬೇಡ ಎಂಬುದಷ್ಟೇ. ಯುರೋಪಿನ ಸಂಘ 2019ರ ಮಾರ್ಗಸೂಚಿಯಲ್ಲಿ ಇದನ್ನೇ ಒಪ್ಪಿಕೊಂಡಿತು. ಮೊದಲ ತಿಂಗಳ ಸಿಟಿಯಲ್ಲಿ ಯಾವ ಸೋರಿಕೆಯೂ ಇಲ್ಲದೆ, ಮೇಲೂ ಕೆಳಗೂ ಕನಿಷ್ಠ 10 ಮಿ.ಮೀ. ಉದ್ದಕ್ಕೆ ಗ್ರಾಫ್ಟ್ ಗೋಡೆಗೆ ಚೆನ್ನಾಗಿ ಕೂತಿದ್ದು, ತುಂಡುಗಳು ಸಾಕಷ್ಟು ಒಂದರೊಳಗೊಂದು ಸೇರಿದ್ದರೆ ಅಂಥವರ ಮುಂದಿನ ಸ್ಕ್ಯಾನನ್ನು ಐದು ವರ್ಷದವರೆಗೂ ಮುಂದೂಡಬಹುದು. ಎರಡನೇ ಬಗೆಯ ಸೋರಿಕೆ ಮಾತ್ರ ಇದ್ದವರಿಗೆ ವರ್ಷಕ್ಕೊಮ್ಮೆ ಚೀಲದ ಅಳತೆ. ಕೂತದ್ದೇ ಸರಿಯಿಲ್ಲದವರು, ಒಂದನೇ ಅಥವಾ ಮೂರನೇ ಬಗೆಯ ಸೋರಿಕೆ ಇದ್ದವರು ಮಾತ್ರ ದೊಡ್ಡಾಸ್ಪತ್ರೆಯ ಕಣ್ಣಳತೆಯಲ್ಲೇ ಇರಬೇಕು.

ಹಾಗಾದರೆ ಇಡೀ ಕಟ್ಟಡ ನಿಂತಿರುವುದು 30ನೇ ದಿನದ ಆ ಒಂದು ಸಿಟಿಯ ಮೇಲೆ. ಅದೊಂದು ಸರಿಯಾಗಿ ಆದರೆ ಈ ರೋಗಿ ಯಾವ ಗುಂಪಿನವನು ಎಂದು ತಿಳಿಯುತ್ತದೆ. ಅದು ತಪ್ಪಿದರೆ ಮುಂದಿನ ಯಾವ ಅಲ್ಟ್ರಾಸೌಂಡ್‌ಗೂ ಆಧಾರವಿರುವುದಿಲ್ಲ. ಸರ್ಕಾರಿ ಪ್ಯಾಕೇಜು 15ನೇ ದಿನಕ್ಕೆ ಕೈಬಿಡುವುದು ನನಗೆ ಅಷ್ಟು ಕಟುವಾಗಿ ಕಾಣುವುದು ಇದಕ್ಕೇ. 2010ರಲ್ಲಿ ರಾಜ್ಯದ ಆರೋಗ್ಯ ಯೋಜನೆ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. ಬಡವರಿಗೆ ಹೃದಯ, ರಕ್ತನಾಳದ ದೊಡ್ಡ ಚಿಕಿತ್ಸೆ ಸಿಗಬೇಕೆಂಬ ಮಾತು ಇಲ್ಲಿಂದಲೇ ರಾಜ್ಯಕ್ಕೆ ಹೋಯಿತು. ಸ್ಟೆಂಟ್ ಗ್ರಾಫ್ಟಿನ ಪ್ಯಾಕೇಜಿನ ಬೆಲೆಯೊಳಗೇ ಒಂದು ತಿಂಗಳ ಸಿಟಿಯನ್ನೂ ಸೇರಿಸಿ, ಅದರ ವರದಿ ಬಂದ ಮೇಲಷ್ಟೇ ಆಸ್ಪತ್ರೆಗೆ ಕೊನೆಯ ಕಂತು ಕೊಡುವುದು ಎಂದು ನಿಯಮ ಮಾಡಿದರೆ ಬೆಳಗಾಗುವುದರೊಳಗೆ ಆಸ್ಪತ್ರೆಗಳೇ ರೋಗಿಗೆ ಫೋನ್ ಮಾಡಲು ಶುರು ಮಾಡುತ್ತವೆ.

ಐದು ವರ್ಷದ ವಿನಾಯಿತಿಯನ್ನು ನಮ್ಮ ಕಡೆಗೆ ಹಾಗೇ ತರುವುದು ಮಾತ್ರ ನನಗೆ ಸರಿಕಾಣುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೋಗಿ ಐದು ವರ್ಷ ಬಿಟ್ಟರೂ ಅವನ ಹೆಸರು ಅವನ ಫ್ಯಾಮಿಲಿ ಡಾಕ್ಟರ ಕಂಪ್ಯೂಟರಿನಲ್ಲಿ ಇರುತ್ತದೆ. ಇಲ್ಲಿ ಐದು ವರ್ಷ ಬಿಟ್ಟರೆ ಫೋನ್ ನಂಬರ್ ಬದಲಾಗಿರುತ್ತದೆ, ಕಾಗದ ಕಳೆದಿರುತ್ತದೆ, ಆಪರೇಷನ್ ಮಾಡಿದ ವೈದ್ಯರು ಬೇರೆ ಆಸ್ಪತ್ರೆ ಸೇರಿರುತ್ತಾರೆ. ವರ್ಷಕ್ಕೊಂದು ಅಲ್ಟ್ರಾಸೌಂಡ್ ನಮಗೆ ಬೇಕಾಗಿರುವುದು ಚೀಲವನ್ನು ನೋಡಲಿಕ್ಕೆ ಎಷ್ಟೋ, ರೋಗಿ ಲೆಕ್ಕದಿಂದ ಜಾರದಂತೆ ಇಟ್ಟುಕೊಳ್ಳಲಿಕ್ಕೂ ಅಷ್ಟೇ.

ಊರಿನಲ್ಲೇ ಏನೇನು ಆಗಬಹುದು

ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಇನ್ನೂ ವಿಮ್ಸ್. ರಾಯಚೂರಿನಲ್ಲಿ ರಿಮ್ಸ್ ಇದೆ, ಒಪೆಕ್ ಆಸ್ಪತ್ರೆ ಇದೆ. ಕೊಪ್ಪಳದಲ್ಲಿ ಕಿಮ್ಸ್ ಇದೆ. ಮೂರೂ ಊರುಗಳಲ್ಲಿ ಸಿಟಿ ಯಂತ್ರ, ಡಾಪ್ಲರ್, ಎಕ್ಸ್-ರೇ ಎಲ್ಲವೂ ಇವೆ. ಸ್ಟೆಂಟ್ ಗ್ರಾಫ್ಟ್ ಹಾಕುವ ವ್ಯವಸ್ಥೆ ಬೇರೆ, ಹಾಕಿದ್ದನ್ನು ನೋಡಿಕೊಳ್ಳುವ ವ್ಯವಸ್ಥೆ ಬೇರೆ. ಮೊದಲನೆಯದಕ್ಕೆ ವರ್ಷಗಳು ಹಿಡಿಯುತ್ತವೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿಯ ಕಥೆ ಎಲ್ಲರಿಗೂ ಗೊತ್ತಿದೆ. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು ಎಂಬುದು ಸಮಾಧಾನದ ಸುದ್ದಿ. ಎರಡನೆಯದಕ್ಕೆ ಧರಣಿ ಬೇಕಿಲ್ಲ, ಒಂದು ಸುತ್ತೋಲೆ ಮತ್ತು ಒಂದು ಅಳತೆಯ ಪದ್ಧತಿ ಸಾಕು.

ಅಳತೆಯ ಪದ್ಧತಿ ಎಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಗೊಂದಲ ಹುಟ್ಟುವುದು ಇಲ್ಲೇ. ಚೀಲದ ಅಗಲವನ್ನು ಒಳಗೋಡೆಯಿಂದ ಒಳಗೋಡೆಗೂ ಅಳೆಯಬಹುದು, ಹೊರಗೋಡೆಯಿಂದ ಹೊರಗೋಡೆಗೂ ಅಳೆಯಬಹುದು. ಎರಡರ ನಡುವೆ ಕೆಲವು ಮಿ.ಮೀ. ವ್ಯತ್ಯಾಸ ಬರುತ್ತದೆ. ಓರೆಯಾಗಿ ಅಳೆದರೆ ಇನ್ನೂ ಹೆಚ್ಚು. ಸಿಟಿಯಲ್ಲಿ ಬಂದ ಸಂಖ್ಯೆ ಅಲ್ಟ್ರಾಸೌಂಡಿನ ಸಂಖ್ಯೆಗಿಂತ ಸಾಮಾನ್ಯವಾಗಿ ತುಸು ದೊಡ್ಡದಿರುತ್ತದೆ. ಹೀಗಾಗಿ 5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಏರಿಕೆಯನ್ನಷ್ಟೇ ನಿಜವಾದ ಬೆಳವಣಿಗೆ ಎಂದು ಪರಿಗಣಿಸುತ್ತಾರೆ. ಒಂದು ತಿಂಗಳಲ್ಲಿ ಬಳ್ಳಾರಿಯ ಸಿಟಿ 58 ಎಂದು, ವರ್ಷದ ಮೇಲೆ ಸಿಂಧನೂರಿನ ಸ್ಕ್ಯಾನ್ ಸೆಂಟರ್ 62 ಎಂದು ಬರೆದರೆ ಹೆದರಬೇಕೋ ಬೇಡವೋ? ಹೇಳಲು ಬರುವುದಿಲ್ಲ. ಮೊದಲ ಸಿಟಿಯಾದ ಅದೇ ವಾರದಲ್ಲಿ ಊರ ಸೆಂಟರಿನಲ್ಲೂ ಒಂದು ಅಲ್ಟ್ರಾಸೌಂಡ್ ಮಾಡಿಸಿಟ್ಟುಕೊಂಡಿದ್ದರೆ ಹೇಳಬಹುದಿತ್ತು. ಸಾಧ್ಯವಾದಷ್ಟೂ ಅದೇ ಸೆಂಟರ್, ಅದೇ ಯಂತ್ರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಗ್ಯಾಸ್ ಅಡ್ಡ ಬರುವುದು ಕಡಿಮೆ. ಮುಂದಿನಿಂದ ಹಿಂದಕ್ಕೆ ಅಳೆದ ಅಗಲವೆಷ್ಟು, ಹೊರಗೋಡೆಯೋ ಒಳಗೋಡೆಯೋ ಎಂದು ವರದಿಯಲ್ಲಿ ಬರೆಯಿಸಿಕೊಳ್ಳಬೇಕು. ರೇಡಿಯಾಲಜಿಸ್ಟರು ಇದನ್ನು ಕೇಳಿದರೆ ಬೇಸರಿಸುವುದಿಲ್ಲ, ಬದಲಿಗೆ ಖುಷಿಪಡುತ್ತಾರೆ.

ಚೀಲ ಕುಗ್ಗುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಒಂದು ವರ್ಷದಲ್ಲಿ 5 ಮಿ.ಮೀ.ಗಿಂತ ಹೆಚ್ಚು ಕುಗ್ಗಿದವರಿಗೆ ಮುಂದೆ ತೊಂದರೆ ಬರುವ ಸಂಭವ ಬಹಳ ಕಡಿಮೆ. ಹಾಗೇ ಉಳಿದಿದ್ದರೆ ಸಮಾಧಾನಪಡಬಹುದು, ಮರೆಯುವಂತಿಲ್ಲ. ಬೆಳೆದಿದ್ದರೆ ಬಸ್ಸು ಹತ್ತಬೇಕು.

ಎಕ್ಸ್-ರೇಯನ್ನು ಈಗ ಯಾರೂ ಗೌರವಿಸುವುದಿಲ್ಲ. ಆದರೆ ಸ್ಟೆಂಟ್ ಗ್ರಾಫ್ಟಿನ ಲೋಹದ ಚೌಕಟ್ಟು ಎಕ್ಸ್-ರೇಯಲ್ಲಿ ಎದ್ದು ಕಾಣುತ್ತದೆ. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆದು ಬೆನ್ನುಮೂಳೆಯ ಎಲುಬುಗಳಿಗೆ ಹೋಲಿಸಿದರೆ ಅದು ಜಾರಿದೆಯೇ, ಮುರಿದಿದೆಯೇ, ತಿರುಚಿಕೊಂಡಿದೆಯೇ ಗೊತ್ತಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಕೆಲಸ ಇದು.

ಅಲ್ಟ್ರಾಸೌಂಡನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಒಯ್ದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಣಿಯಾದ ಜಾಗಕ್ಕೆ ಕಟ್ಟಿಹಾಕಿದೆ. ಹೊತ್ತೊಯ್ಯುವ ಯಂತ್ರಗಳಿಗಂತೂ ಇನ್ನಷ್ಟು ಕಟ್ಟುನಿಟ್ಟು. ಹೆಣ್ಣುಮಕ್ಕಳ ಸಂಖ್ಯೆಯ ಇತಿಹಾಸ ಬಲ್ಲವರು ಆ ಕಟ್ಟು ಸಡಿಲಿಸಿ ಎಂದು ಹೇಳಲಾರರು. ತಾಲ್ಲೂಕಿನಲ್ಲಿರುವ ನೋಂದಾಯಿತ ಸೆಂಟರುಗಳನ್ನು ಬಳಸಿಕೊಳ್ಳುವುದೇ ಸರಿ.

ಬಿಸಿಲು, ಕಾಂಟ್ರಾಸ್ಟ್, ಕಿಡ್ನಿ

ಸಿಟಿ ಆಂಜಿಯೋಗೆ ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಕೊಡುತ್ತಾರೆ. ಕಿಡ್ನಿ ಮೊದಲೇ ದುರ್ಬಲವಿದ್ದವರಿಗೆ, ಮೈಯಲ್ಲಿ ನೀರು ಕಡಿಮೆಯಾದವರಿಗೆ ಅದು ಕಿಡ್ನಿಗೆ ಪೆಟ್ಟು ಕೊಡಬಹುದು. ಇವಾರ್ ರೋಗಿಗಳಲ್ಲಿ ಬಹಳಷ್ಟು ಮಂದಿ ವಯಸ್ಸಾದವರು, ಬಿಪಿ ಇರುವವರು, ಕಿಡ್ನಿಯ ಸುಸ್ತು ಶುರುವಾದವರು. ಈಗ ರಾಯಚೂರಿನ ಏಪ್ರಿಲ್-ಮೇ ನೆನೆಸಿಕೊಳ್ಳಿ. ರಾತ್ರಿಯ ಬಸ್ಸಿನಲ್ಲಿ ಮೂತ್ರಕ್ಕೆ ನಿಲ್ಲಿಸುವುದಿಲ್ಲವೆಂದು ನೀರೇ ಕುಡಿಯದೆ ಕೂತು, ಸುಮಾರು 400 ಕಿ.ಮೀ. ದಾಟಿ, ಸ್ಕ್ಯಾನಿಗೆ ಖಾಲಿ ಹೊಟ್ಟೆ ಬೇಕೆಂದು ಬೆಳಗಿನ ನೀರನ್ನೂ ಬಿಟ್ಟು ಸಾಲಿನಲ್ಲಿ ನಿಂತವನಿಗೆ ಮಧ್ಯಾಹ್ನ ಕಾಂಟ್ರಾಸ್ಟ್ ಕೊಟ್ಟರೆ? ಮಾರ್ಗಸೂಚಿ ಬರೆದವರ ಕಣ್ಣಿಗೆ ಇಂಥ ರೋಗಿ ಬಿದ್ದಿರಲಾರ. ವಾರದ ಮುಂಚೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಊರಲ್ಲೇ ಆಗಲಿ, ಸ್ಕ್ಯಾನಿನ ಹಿಂದಿನ ದಿನವೂ ನಂತರದ ದಿನವೂ ನೀರು ಕುಡಿಯಬೇಕೋ ಎಷ್ಟು ಕುಡಿಯಬೇಕೋ ಹೃದಯದ ಸ್ಥಿತಿ ನೋಡಿ ವೈದ್ಯರೇ ಬರೆದುಕೊಡಲಿ, ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ಮೊದಲೇ ತಿಳಿಸಲಿ.

ವಾರ್ಷಿಕ ತಪಾಸಣೆಗೆ ನಮ್ಮ ಕಡೆ ಒಳ್ಳೆಯ ತಿಂಗಳು ಡಿಸೆಂಬರ್ ಕೊನೆ, ಜನವರಿ. ಮುಂಗಾರಿನ ಭತ್ತ ಮನೆ ಸೇರಿರುತ್ತದೆ, ಕೈಯಲ್ಲಿ ನಾಲ್ಕು ಕಾಸಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಆಪರೇಷನ್ ಆದ ದಿನಕ್ಕೆ ಸರಿಯಾಗಿ ವರ್ಷ ತುಂಬುವ ದಿನ ಜುಲೈ ನಾಟಿಯ ನಡುವೆ ಬಿದ್ದರೆ ಗಂಗಾವತಿ, ಕಾರಟಗಿ, ಸಿರುಗುಪ್ಪದ ರೈತ ಬರುವುದಿಲ್ಲ. ಒಂದೆರಡು ತಿಂಗಳು ಹಿಂದು-ಮುಂದಾದರೆ ಕಡಿಮೆ ಅಪಾಯದ ಗುಂಪಿನವರಿಗೆ ಏನೂ ಆಗದು. ಬರದೇ ಇರುವುದೇ ದೊಡ್ಡ ಅಪಾಯ.

ಬಳ್ಳಾರಿ ಕಡೆಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾಯಚೂರಿನವರು ಹತ್ತಿರವೆಂದು ಹೈದರಾಬಾದಿಗೆ ಹೋಗುವುದೂ ಉಂಟು. ಆಗ ಒಂದು ಸ್ಕ್ಯಾನ್ ಹೈದರಾಬಾದಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಫಿಲ್ಮುಗಳು ಮನೆಯ ಹಾಸಿಗೆಯಡಿ ಬೆಚ್ಚಗಿರುತ್ತವೆ. ಹೋಲಿಕೆಗೆ ಬೇಕಾಗುವುದು ಫಿಲ್ಮ್ ಅಲ್ಲ, ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿರುವ ಪೂರ್ತಿ ಚಿತ್ರಗಳು. ಸ್ಕ್ಯಾನ್ ಮುಗಿದ ದಿನವೇ ಕೇಳಿ ಪಡೆಯಬೇಕು. ಮೊದಲ ಸಿಟಿಯ ಚಿತ್ರಗಳನ್ನು ಮಗನ ಫೋನಿನಲ್ಲೋ ಇ-ಮೇಲ್‌ನಲ್ಲೋ ಇನ್ನೊಂದು ಪ್ರತಿ ಇಟ್ಟರೆ ಇನ್ನೂ ಒಳ್ಳೆಯದು.

ರಾತ್ರಿ ಹನ್ನೆರಡಕ್ಕೆ ಬೆನ್ನುನೋವು ಬಂದರೆ

ಎಷ್ಟು ಅಚ್ಚುಕಟ್ಟಾಗಿ ಅಳೆದರೂ ಎರಡು ಸ್ಕ್ಯಾನುಗಳ ನಡುವೆ ಏನಾದರೂ ಆಗಬಹುದು. ಇದ್ದಕ್ಕಿದ್ದಂತೆ ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ತಡೆಯಲಾಗದ ನೋವು, ಬೆವರು, ತಲೆ ತಿರುಗಿ ಬೀಳುವುದು ಕಂಡರೆ 108ಕ್ಕೆ ಕರೆ ಮಾಡಿ, ಸಿಟಿ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಗ್ಯಾಸ್ ಮಾತ್ರೆ, ಕಲ್ಲಿನ ನೋವಿನ ಇಂಜೆಕ್ಷನ್ ಎಂದು ಗಂಟೆಗಳು ಕಳೆಯುವುದು ಇಂಥ ಹೊತ್ತಿನಲ್ಲೇ. ರೋಗಿ "ಸ್ಟೆಂಟ್ ಹಾಕ್ಯಾರ" ಎಂದಷ್ಟೇ ಹೇಳಿದರೆ ಕ್ಯಾಶುವಾಲ್ಟಿಯ ಯುವ ವೈದ್ಯರು ಹೃದಯದ್ದೆಂದು ತಿಳಿದು ಇಸಿಜಿ ತೆಗೆಯುತ್ತಾರೆ, ಅವರ ತಪ್ಪೇನಿಲ್ಲ. ಗ್ರಾಫ್ಟಿನ ಹೆಸರು, ಅಳತೆ, ಹಾಕಿದ ತಾರೀಖು ಇರುವ ಇಂಪ್ಲಾಂಟ್ ಕಾರ್ಡ್ ಆಧಾರ್ ಜೊತೆಗೇ ಇರಬೇಕು. ಮೊದಲ ಕೆಲವು ತಿಂಗಳಲ್ಲಿ ಒಂದು ಕಾಲು ತಣ್ಣಗಾಗುವುದು, ನಡೆದರೆ ಮೀನಖಂಡ ಹಿಡಿದುಕೊಳ್ಳುವುದು ಕಂಡರೆ ಗ್ರಾಫ್ಟಿನ ಒಂದು ಕವಲು ಕಟ್ಟಿಕೊಂಡಿರಬಹುದು. ಅದಕ್ಕೂ ಕಾಯುವಂತಿಲ್ಲ. ಬಿಟ್ಟುಬಿಟ್ಟು ಬರುವ ಜ್ವರ, ತೂಕ ಇಳಿಯುವುದು, ಜೊತೆಗೆ ಬೆನ್ನುನೋವು ಇದ್ದರೆ ಗ್ರಾಫ್ಟಿಗೆ ಸೋಂಕು ತಗಲಿದೆಯೇ ಎಂದು ನೋಡಬೇಕಾಗುತ್ತದೆ. ಅದು ಅಪರೂಪ, ಆದರೆ ಬಂದರೆ ಕಷ್ಟದ್ದು.

ಮೆಡಿಕಲ್ ಶಾಪಿನ ಬಗ್ಗೆ ಒಂದು ಮಾತು. ಭೇದಿಗೆ, ಉರಿಮೂತ್ರಕ್ಕೆ ಚೀಟಿಯಿಲ್ಲದೆ ಸಿಪ್ರೋಫ್ಲಾಕ್ಸಾಸಿನ್ ಕೊಳ್ಳುವುದು ನಮ್ಮ ಊರುಗಳಲ್ಲಿ ಮಾಮೂಲು. ಈ ಗುಂಪಿನ ಆಂಟಿಬಯಾಟಿಕ್‌ಗಳು ಮಹಾಪಧಮನಿ ಸೀಳುವ, ಒಡೆಯುವ ಅಪಾಯ ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಅನ್ಯೂರಿಸಂ ಇರುವವರಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕೊಡಬೇಕೆಂದೂ ಹೇಳಿತು. ಲಿವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಇದೇ ಗುಂಪಿನವು. ಬೀಡಿ ಬಿಡುವ ಮಾತನ್ನು ವೈದ್ಯರೆಲ್ಲ ಹೇಳುತ್ತಾರೆ. ಇದನ್ನು ಹೇಳುವವರು ಕಡಿಮೆ.

ದೂರವೂ ಒಂದು ವೈದ್ಯಕೀಯ ಕಾರಣ

ಚಿಕಿತ್ಸೆಗೆ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ. ಅಮೆರಿಕದ ಹೃದ್ರೋಗ ಸಂಘಗಳ 2011ರ ಮಾರ್ಗಸೂಚಿ, ಶಸ್ತ್ರಚಿಕಿತ್ಸೆ ತಡೆದುಕೊಳ್ಳುವ ಶಕ್ತಿಯಿದ್ದು, ಇವಾರ್ ನಂತರದ ದೀರ್ಘ ತಪಾಸಣೆಗೆ ಬರಲಾಗದವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಸೂಕ್ತವಾಗಬಹುದು ಎಂದಿತ್ತು. ಅಂದರೆ ರೋಗಿಯ ಊರು, ಅವನ ಆದಾಯ, ಅವನನ್ನು ಕರೆತರುವವರು ಯಾರು ಎಂಬುದೆಲ್ಲ ಉಬ್ಬಿನ ಅಳತೆಯಷ್ಟೇ ವೈದ್ಯಕೀಯ ಸಂಗತಿ. 62 ವರ್ಷದ, ಎದೆ-ಕಿಡ್ನಿ ಗಟ್ಟಿಯಿರುವ, ಲಿಂಗಸುಗೂರಿನ ಹಳ್ಳಿಯ ವ್ಯಕ್ತಿಗೆ ತೆರೆದ ಶಸ್ತ್ರಚಿಕಿತ್ಸೆಯ ಆಯ್ಕೆಯನ್ನು ಮನದಟ್ಟಾಗುವಂತೆ ವಿವರಿಸಬೇಕು. 80 ದಾಟಿದವರಿಗೆ, ಹೃದಯ-ಶ್ವಾಸಕೋಶ ಸೋತವರಿಗೆ ಇವಾರ್ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ, ಅಲ್ಲಿ ಈ ಚರ್ಚೆಯೇ ಬೇಡ. ನನಗಿರುವ ತಕರಾರು ಇಷ್ಟೇ: ಸಣ್ಣ ಗಾಯ, ಬೇಗ ಮನೆಗೆ ಎಂಬ ಮಾತು ಹೇಳುವಷ್ಟೇ ದನಿಯಲ್ಲಿ ಪ್ರತಿ ವರ್ಷದ ತಪಾಸಣೆಯ ಮಾತೂ ಸಹಿ ಹಾಕಿಸುವ ಮೊದಲೇ ಬರಬೇಕು. ಬಿಡುಗಡೆಯ ದಿನ ಇಂಗ್ಲಿಷಿನಲ್ಲಿ ಬರೆದ ಚೀಟಿಯ ಕೊನೆಯ ಸಾಲಿನಲ್ಲಿ ಬಂದರೆ ಪ್ರಯೋಜನವಿಲ್ಲ.

ಇನ್ನು ನೆನಪಿಸುವವರು ಯಾರು? ರಾಯಚೂರು, ಕೊಪ್ಪಳದ ಒಣ ತಾಲ್ಲೂಕುಗಳಲ್ಲಿ ಮಗ-ಸೊಸೆ ಗುಳೆ ಹೋಗಿರುತ್ತಾರೆ. ತಪಾಸಣೆ ಆಗಬೇಕಾದ ಬೆಂಗಳೂರಿನಲ್ಲೇ ಮಗ ಸೆಂಟ್ರಿಂಗ್ ಕೆಲಸಕ್ಕಿರುತ್ತಾನೆ, ತಪಾಸಣೆ ಆಗಬೇಕಾದ ತಂದೆ ಮಸ್ಕಿಯಲ್ಲಿರುತ್ತಾನೆ. ಆಸ್ಪತ್ರೆಯ ಕಡತದಲ್ಲಿರುವುದು ಸಾಮಾನ್ಯವಾಗಿ ಆ ದಿನ ಜೊತೆಗೆ ಬಂದವರ ನಂಬರ್. ಎರಡು ನಂಬರ್ ಬರೆದುಕೊಂಡು, ಒಂದನ್ನು ಊರಿನ ಆಶಾ ಕಾರ್ಯಕರ್ತೆಯದ್ದಾಗಿಸಿದರೆ ಅರ್ಧ ಕೆಲಸ ಮುಗಿದಂತೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಿಗೆ ಬಿಪಿ ಮಾತ್ರೆಗೆಂದು ಈ ರೋಗಿಗಳಲ್ಲಿ ಎಷ್ಟೋ ಮಂದಿ ಹೇಗೂ ಬರುತ್ತಾರೆ. ಅಲ್ಲಿನ ನರ್ಸ್ ಬಳಿ ತಾಲ್ಲೂಕಿನ ಸ್ಟೆಂಟ್ ಗ್ರಾಫ್ಟ್ ರೋಗಿಗಳ ಪಟ್ಟಿಯೊಂದಿರಲಿ. ಬಹಳ ಉದ್ದದ ಪಟ್ಟಿ ಆಗಲಾರದು. ಪ್ರತಿ ಹೆಸರಿನ ಮುಂದೆ ಮೊದಲ ಸಿಟಿಯ ಅಳತೆ, ಅಪಾಯದ ಗುಂಪು, ಕೊನೆಯ ಅಲ್ಟ್ರಾಸೌಂಡಿನ ಅಳತೆ, ಮುಂದಿನ ತಿಂಗಳು. 5 ಮಿ.ಮೀ. ಏರಿದ್ದರೆ ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿ ಮೂಲಕ ದೊಡ್ಡಾಸ್ಪತ್ರೆಯ ವೈದ್ಯರಿಗೆ ಚಿತ್ರ ಕಳಿಸಿ, ಬೆಂಗಳೂರಿಗೆ ಬರಬೇಕೋ ಬೇಡವೋ ಕೇಳಬಹುದು. ಆಗ ಬಸ್ಸು ಹತ್ತುವವರು ಹತ್ತಲೇಬೇಕಾದವರು ಮಾತ್ರ.

ಪಟ್ಟಿಗೆ ಇನ್ನೂ ಒಂದು ಅಂಕಣ ಬೇಕು. ಈ ಕಾಯಿಲೆ ಮನೆತನದಲ್ಲಿ ಹರಿಯುತ್ತದೆ. ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ 50 ದಾಟಿದವರಿಗೆ, ಅದರಲ್ಲೂ ಬೀಡಿ ಸೇದುವವರಿಗೆ, ಅದೇ ಸೆಂಟರಿನಲ್ಲಿ ಒಂದು ಹೊಟ್ಟೆಯ ಅಲ್ಟ್ರಾಸೌಂಡ್ ಆಗಬೇಕು. ಅಗಲ 3 ಸೆಂ.ಮೀ.ಗಿಂತ ಸಾಕಷ್ಟು ಕಡಿಮೆ ಇದ್ದರೆ ವರದಿಯನ್ನು ಎತ್ತಿಟ್ಟುಕೊಂಡರೆ ಸಾಕು. 3 ದಾಟಿದ್ದರೆ ಅವರ ಹೆಸರೂ ಆ ಪಟ್ಟಿಗೆ ಸೇರುತ್ತದೆ, ಆಪರೇಷನ್ನಿನ ಮಾತು ಬರುವುದಕ್ಕೆ ವರ್ಷಗಳ ಮೊದಲೇ.